ಸುಡದ ಕೈ

ತಾಯವ್ವನ ಹೊಟ್ಟೆಕಿಚ್ಚಿನ ಬಗ್ಗೆ ನಮ್ಮ ಓಣಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ, ಅದೂ ಕೇಳುವ ಮೊದಲೇ. ನನ್ನನ್ನು ಕೇಳಿದರೆ ಇನ್ನೂ ಸ್ವಲ್ಪ ಹೆಚ್ಚು ಹೇಳುತ್ತೇನೆ. ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ ಹಿಟ್ಟಿನ ಗಿರಣಿ ಇರುವುದು ನಮ್ಮ ಮನೆಯಲ್ಲಿ. ಜೋಳ ಹೊತ್ತು ಬಂದವರು ಹಿಟ್ಟಾಗುವ ತನಕ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಯಾರ ಮನೆಯಲ್ಲಿ ಏನು ನಡೆದರೂ ಈ ಶಗುಫ್ತಾಳ ಕಿವಿಗೆ ಬಂದೇ ಬರುತ್ತದೆ. ತಾಯವ್ವನ ಮನೆಯ ಸುದ್ದಿಗಂತೂ ಯಾರನ್ನೂ ಕಾಯಬೇಕಿಲ್ಲ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಇರುವುದು ಒಂದು ಗಿಡ್ಡ ಗೋಡೆ.

ತಾಯವ್ವ ಆ ಮನೆಯ ಹಿರಿಯ ಸೊಸೆ, ಗುಡದಪ್ಪನ ಹೆಂಡತಿ. ಮಾತು ಒರಟು, ನಗು ಅಪರೂಪ, ಶಾಲೆ ಅಷ್ಟಕ್ಕಷ್ಟೆ. ಆದರೆ ರೊಟ್ಟಿ ಬಡಿಯುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಯಾರ ಮನೆಯ ಮದುವೆಯಾದರೂ ಮೊದಲು "ರೊಟ್ಟಿಗೆ ತಾಯವ್ವಗ ಹೇಳಿ ಬರ್ರಿ" ಎನ್ನುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತರೆ ಮದುಮಗಳ ತಾಯಿಯೂ ಅವಳನ್ನು ಕೇಳಿಯೇ ಹೆಜ್ಜೆ ಇಡಬೇಕು. ಅವಳಿಗೆ ಊರಲ್ಲಿ ಇದ್ದದ್ದು ಅದೊಂದೇ ಹೆಸರು. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹೆಂಗಸು ಅವಳಲ್ಲ.

ಆಮೇಲೆ ಮೈದುನ ಸಿದ್ಧಲಿಂಗನನ್ನು ಮದುವೆಯಾಗಿ ಮಹಾಲಕ್ಷ್ಮಿ ಬಂದಳು. ಮಿಶ್ರಿಕೋಟಿಯ ಕಡೆಯ ಹುಡುಗಿ, ಭತ್ತದ ಗದ್ದೆ ನೋಡಿ ಬೆಳೆದವಳು. ಅವಳು ಬಡಿದ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಎರಡು ಹೋಳು. ತಾಯವ್ವ ಬೈದು ಬೈದು ಕಲಿಸಿದಳು. ಕಲಿಸುತ್ತಲೇ "ಅಕ್ಕಿ ಮಂದಿ ನೀವು, ನಿಮಗ ಜ್ವಾಳ ಎಲ್ಲಿ ತಿಳೀಬೇಕು" ಎಂದು ಓಣಿಗೆಲ್ಲ ಕೇಳುವಂತೆ ಆಡಿಕೊಂಡಳು. ಮಹಾಲಕ್ಷ್ಮಿ ತಲೆ ತಗ್ಗಿಸಿಕೊಂಡು ಬಡಿಯುತ್ತಲೇ ಇದ್ದಳು. ಆ ತಗ್ಗಿಸಿದ ತಲೆಯೊಳಗೆ ಏನಿತ್ತು ಎಂದು ಆಗ ನಾವ್ಯಾರೂ ಯೋಚಿಸಲಿಲ್ಲ.

ಮೂರು ವರ್ಷದ ಹಿಂದೆ ಎಲ್ಲ ತಿರುವುಮುರುವಾಯಿತು. ಮಹಾಲಕ್ಷ್ಮಿ ಸಟ್ಟುಗ ಮುಟ್ಟುವುದನ್ನೇ ಬಿಟ್ಟಳು. ಬರಿಗೈಯಲ್ಲಿ ರೊಟ್ಟಿ ತಿರುವುವುದು ದೊಡ್ಡದೇನಲ್ಲ, ನಾವೂ ತಿರುವುತ್ತೇವೆ. ಆದರೆ ನಾವು ಚಟ್ಟನೆ ಕೈ ಎಳೆದುಕೊಂಡು ಬೆರಳು ಊದಿಕೊಳ್ಳುತ್ತೇವೆ. ಇವಳು ಕಾದ ಹಂಚಿನ ಮೇಲೆ ಬೆರಳಿಟ್ಟುಕೊಂಡೇ ಪಕ್ಕದವಳ ಜೊತೆ ಮಾತಾಡುತ್ತಾಳೆ! ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. "ಕೈಗುಣ ಅಂದ್ರ ಇದು ನೋಡ್ರಿ, ಬೆಂಕಿನೂ ಅಂಜತೈತಿ" ಎಂದರು. ದೇವಿಯ ಕೃಪೆ ಎಂದವರೂ ಇದ್ದರು. ಮದುವೆ ಮನೆಗಳ ಕರೆ ಈಗ ಮಹಾಲಕ್ಷ್ಮಿಗೆ ಬರತೊಡಗಿತು. ತಾಯವ್ವನಿಗೆ ಹೇಳುತ್ತಿದ್ದದ್ದು "ನೀನೂ ಬಾರಬೇ, ಜೋಡಿಗೆ ಆಗ್ತೈತಿ" ಎಂದು.

ಆ "ನೀನೂ" ಎಂಬ ಮಾತಿಗೆ ತಾಯವ್ವನ ನಿದ್ದೆ ಹಾರಿಹೋಯಿತು. ಅಂದಿನಿಂದ ಅವಳ ಕಣ್ಣು ನೆಗೆಣ್ಣಿ ಮಹಾಲಕ್ಷ್ಮಿಯ ಮೇಲಿಂದ ಕದಲಲಿಲ್ಲ. ಕಂಡ ಕಂಡ ತಪ್ಪನ್ನೆಲ್ಲ ತಂದು ಹಿತ್ತಲ ಗೋಡೆಯ ಮೇಲಿಂದ ನನ್ನ ಕಡೆ ಸುರಿಯುತ್ತಿದ್ದಳು.

"ಶಗುಫ್ತಾ, ನಿನ್ನಿ ಮತ್ತ ಚಾದ ಕಪ್ಪು ಕೆಡವಿದ್ಲು. ಮಗನ ಅಂಗಿ ಗುಂಡಿ ಹಾಕಾಕ ಬರವಲ್ದು ಆಕಿಗೆ, ರೊಟ್ಟಿ ರಾಣಿ ಅಂತ!"

"ಬೆರಳಿಗೆ ಬೊಬ್ಬಿ ಎದ್ದಾವ. ಕೇಳಿದ್ರ, ಎಲ್ಲಿ ಅಕ್ಕಾ, ಅಂತ ನನ್ನಽ ಕೇಳ್ತಾಳ. ಏನ್ ಸೊಕ್ಕು ನೋಡು."

"ಕುತ್ತಿಗಿ ನೋವಂತ ದಿನಾ ಗಂಡನ ಕಡಿಂದ ಎಣ್ಣಿ ತಿಕ್ಕಿಸ್ಕೋತಾಳ. ನಡಿಯೂ ಮುಂದ ಚಪ್ಪಲಿ ಕಾಲಾಗಿಂದ ಜಾರಿ ಹಿಂದ ಉಳದ್ರೂ ಖಬರಿಲ್ಲ. ಎಲ್ಲಾ ನಾಟಕ."

ನಾನು ಹೂಂಗುಟ್ಟುತ್ತಿದ್ದೆ. ಹೊಟ್ಟೆಕಿಚ್ಚಿನ ಮಾತು ಕೇಳುವುದಕ್ಕೆ ಬಲು ರುಚಿ. ಅದರೊಳಗೆ ಒಂದು ರೋಗ ಅಷ್ಟು ಸ್ಪಷ್ಟವಾಗಿ ಕೂತಿದೆ ಎಂದು ನನಗಾಗಲಿ ಹೇಳುವವಳಿಗಾಗಲಿ ಹೊಳೆಯಲಿಲ್ಲ.

ನಾಗರಪಂಚಮಿಯ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಮನೆಮನೆಯ ರೊಟ್ಟಿ ಮನೆಮನೆಗೆ ಹೋಗುತ್ತದೆ, ಯಾರ ಕೈಯ ರೊಟ್ಟಿ ಹೇಗೆ ಎಂದು ಊರೇ ಕೂತು ತೀರ್ಪು ಕೊಡುತ್ತದೆ. ಅದಕ್ಕೆಂದು ಕಳೆದ ವರ್ಷ ತಾಯವ್ವನ ಹಿತ್ತಲಲ್ಲೇ ಒಲೆಗಳನ್ನು ಹೂಡಿ ನಾವೆಲ್ಲ ಕೂತಿದ್ದೆವು. ಎಲ್ಲರ ಕಣ್ಣು ಮಹಾಲಕ್ಷ್ಮಿಯ ಒಲೆಯ ಕಡೆಗೇ. ಪಕ್ಕದ ಒಲೆ ತಾಯವ್ವನದು. ಅವಳು ತನ್ನ ರೊಟ್ಟಿ ಬಿಟ್ಟು, ಯಾರೂ ನೋಡದ ಹಾಗೆ ಒಣ ಹತ್ತಿಕಟ್ಟಿಗೆಯ ಹಿಡಿಯೊಂದನ್ನು ನೆಗೆಣ್ಣಿಯ ಒಲೆಗೆ ತುರುಕಿದಳು. ಹಂಚು ಇನ್ನಷ್ಟು ಕಾಯಲಿ, ಇವಳು ಒಂದು ಸಲ ಚೀರಿ ಕೈ ಕೊಡವಲಿ, ಎಲ್ಲರೂ ನೋಡಲಿ. ಅವಳ ಆಸೆ ಇದ್ದದ್ದು ಇಷ್ಟೇ.

ಉರಿ ಭುಗಿಲೆಂದಿತು. ಮಹಾಲಕ್ಷ್ಮಿ ತವರಿನ ಯಾವುದೋ ಮಾತು ಹೇಳುತ್ತ ನಗುತ್ತಿದ್ದಳು, ಎಡಗೈ ಹಂಚಿನ ಅಂಚಿಗೆ ಊರಿತ್ತು. ಕಮಟು ವಾಸನೆ ಬಂದಾಗ ರೊಟ್ಟಿ ಹೊತ್ತಿತು ಎಂದೇ ನಾವು ತಿಳಿದೆವು. ತಾಯವ್ವನೊಬ್ಬಳು ಹಾರಿ ಬಂದು ಆ ಮುಂಗೈ ಹಿಡಿದು ಎಳೆದಳು. ಅಂಗೈಯ ತೊಗಲು ಹಂಚಿಗೇ ಉಳಿಯಿತು.

"ಯಾಕಕ್ಕಾ? ರೊಟ್ಟಿ ಸೀದೈತೇನು?" ಎಂದಳು ಮಹಾಲಕ್ಷ್ಮಿ, ನಗುಮುಖದಲ್ಲೇ.

ಯಾರೋ "ದೇವಿ ಮಹಿಮಾ" ಎಂದು ಕೈ ಮುಗಿದರು. ತಾಯವ್ವ ಆ ಮುಂಗೈ ಬಿಡಲಿಲ್ಲ. "ದೇವಿನೂ ಇಲ್ಲ, ಏನೂ ಇಲ್ಲ! ಈಕಿಗೆ ಏನೋ ಆಗೈತಿ. ಏಳು ಲಕ್ಷ್ಮಿ, ದವಾಖಾನಿಗೆ ಹೋಗೂಣು" ಎಂದು ಹಿಟ್ಟಿನ ಕೈಯಲ್ಲೇ ಹೊರಡಿಸಿದಳು.

ಅಣ್ಣಿಗೇರಿಯ ಡಾಕ್ಟರು ಗಾಯ ಕಟ್ಟಿ, ತಡ ಮಾಡಬೇಡಿ ಎಂದು ಹುಬ್ಬಳ್ಳಿಯ ನರರೋಗದ ಡಾಕ್ಟರ ಬಳಿಗೆ ಕಳಿಸಿದರು. ಸಿದ್ಧಲಿಂಗ, ತಾಯವ್ವ ಮತ್ತು ನಾನು ಜೊತೆಗೆ ಹೋದೆವು. ಸಿದ್ಧಲಿಂಗ ಹೆಂಡತಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಅದಕ್ಕೂ ತಾಯವ್ವನ ಮುಖ ಸಣ್ಣದಾಯಿತು. "ನನಗ ಜಡ್ಡಾದಾಗ ನಮ್ಮನ್ಯಾವ್ರು ಗುಳಿಗಿ ಒಗದು ಹೊಲಕ್ಕ ಹೋಗಿದ್ರು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಂಥ ಹೊತ್ತಿನಲ್ಲೂ ಅವಳು ಅವಳೇ.

ಡಾಕ್ಟರು ಏನೇನು ತೊಂದರೆ ಎಂದು ಕೇಳಿದರೆ ಮಹಾಲಕ್ಷ್ಮಿ "ಏನಿಲ್ರಿ" ಎಂದಳು. ಆಗ ತಾಯವ್ವ ಬಾಯಿ ತೆರೆದಳು. ಬಿದ್ದ ಕಪ್ಪು, ಹಾಕಲಾಗದ ಗುಂಡಿ, ಬೊಬ್ಬೆ, ಕುತ್ತಿಗೆ, ಜಾರಿದ ಚಪ್ಪಲಿ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಸಹಿತ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಮಹಾಲಕ್ಷ್ಮಿಯ ಕಣ್ಣು ಮುಚ್ಚಿಸಿ ಕೈಗೆ ಹತ್ತಿ ಸವರಿದರು, ಗೊತ್ತಾಯಿತು ಎಂದಳು. ಬಿಸಿನೀರಿನ ಕೊಳವೆ ತಾಗಿಸಿದರು, ತಣ್ಣೀರಿನದು ತಾಗಿಸಿದರು. ಎರಡೂ ಒಂದೇ ಎಂದಳು.

ಎಂಆರ್‌ಐ ಮಾಡಿಸಿದ ಮೇಲೆ ಡಾಕ್ಟರು ಚಿತ್ರ ತೋರಿಸಿ ಹೇಳಿದರು: "ಕುತ್ತಿಗಿ ಒಳಗ, ಬೆನ್ನುಹುರಿಯ ನಟ್ಟನಡುವ ಒಂದು ಗಡ್ಡಿ ಬೆಳದದ್ರಿ. ಬಿಸಿ, ನೋವು ತಿಳಿಸೋ ನರಗಳನ್ನ ಅದು ಮೊದಲು ಒತ್ತೇದ. ಹಂಗಾಗಿ ಮುಟ್ಟಿದ್ದು ತಿಳೀತದ, ಸುಟ್ಟಿದ್ದು ತಿಳಿಯೂದಿಲ್ಲ. ಹಿಂಗಽ ಬಿಟ್ರ ಕೈಕಾಲು ಎರಡೂ ಹೋಗ್ತಾವ. ಆಪರೇಷನ್ ಮಾಡಿ ತಗೀಬೇಕು. ಅದರಾಗೂ ಕಾಲಿಗೆ ಪೆಟ್ಟು ಬೀಳೋ ಭಯ ಅದ, ಮುಚ್ಚಿಡೂದಿಲ್ಲ. ಇನ್ನ ಬಿಸಿ ತಿಳಿಯೋದು ತಿರುಗಿ ಬರ್ತದಂತ ನಾ ಮಾತು ಕೊಡೂದಿಲ್ರಿ."

ಸಿದ್ಧಲಿಂಗ ಗೋಡೆ ಹಿಡಿದು ಕೂತ. ಮಗುವಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ತಾಯವ್ವ ನೆಗೆಣ್ಣಿಯ ಜಡೆ ಬಿಚ್ಚುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಅತ್ತಳು. "ಒಲಿಗೆ ಕಟ್ಟಿಗಿ ತುರುಕಿದಾಕಿ ನಾನಽ, ಲಕ್ಷ್ಮಿ. ನೀ ಚೀರಬೇಕಂತ ತುರುಕಿದೆ. ನಿನ್ನ ಹೆಸರು ನನಗ ಸಹಿಸಾಕ ಆಗಲಿಲ್ಲ."

ಮಹಾಲಕ್ಷ್ಮಿ ಹೇಳಿದಳು: "ನನಗ ಗೊತ್ತಿತ್ತಕ್ಕಾ."

"ಕಟ್ಟಿಗಿದಾ?"

"ಅಲ್ಲ. ಕೈಗೆ ಬಿಸಿ ಹತ್ತೂದಿಲ್ಲ ಅನ್ನೂದು. ಭಾಳ ದಿನದಿಂದ ಗೊತ್ತಿತ್ತು. ಹೇಳಿದ್ರ ಜಡ್ಡು ಅಂತಿದ್ರು. ಹೇಳದಿದ್ರ ಕೈಗುಣ ಅಂತಿದ್ರು. ಈ ಮನ್ಯಾಗ ಬಂದಾಗಿಂದ ಎಲ್ಲಾರ ಬಾಯಾಗೂ ತಾಯವ್ವ, ತಾಯವ್ವ, ತಾಯವ್ವ. ಒಂದ್ಸಲರೆ ನಿನ್ನ ಹಿಂದ ಹಾಕಬೇಕಂತ ಇತ್ತು."

ತಾಯವ್ವನ ಕೈ ಜಡೆಯಲ್ಲೇ ನಿಂತಿತು. "ಹುಚ್ಚಿ! ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಜೀವ ಕೊಡಾಕ ನಿಂತಿದ್ದೇನ?" ಎಂದು ಬೆನ್ನಿಗೊಂದು ಗುದ್ದಿದಳು. ನರ್ಸು ಬಂದು ಬೈದಳು. ಆ ಗುದ್ದಿದ ಕೈಯನ್ನೇ ಮಹಾಲಕ್ಷ್ಮಿ ಆಪರೇಷನ್ ಕೋಣೆಯ ಬಾಗಿಲ ತನಕ ಬಿಡಲಿಲ್ಲ.

ಆಪರೇಷನ್ ಸಂಜೆಯ ತನಕ ನಡೆಯಿತು. ಗಡ್ಡೆ ಪೂರಾ ಬಂತು ಎಂದರು ಡಾಕ್ಟರು. ಕಾಲು ಮಾತ್ರ ಅಲ್ಲಾಡಲಿಲ್ಲ. ಒಮ್ಮೊಮ್ಮೆ ಹೀಗಾಗುತ್ತದೆ, ಕಾಯಬೇಕು ಎಂದರು. ನಾವು ಕಾದೆವು. ತಾಯವ್ವ ಮಂಚದ ಕೆಳತುದಿಯಲ್ಲಿ ಕೂತು ಆ ಪಾದಗಳನ್ನು ನೋಡಿದಳು; ಎರಡು ವರ್ಷ ಆ ಕೈಗಳನ್ನು ನೋಡಿದ ಅದೇ ಕಣ್ಣಲ್ಲಿ. ಕೊನೆಗೆ ಒಂದು ಬೆಳಿಗ್ಗೆ ಬಲಗಾಲ ಹೆಬ್ಬೆರಳು ಅಲ್ಲಾಡಿದ್ದನ್ನು ಮೊದಲು ಕಂಡವಳೂ ಅವಳೇ. ನರ್ಸು ನಂಬಲಿಲ್ಲ. ತಾಯವ್ವ ಜಗಳ ತೆಗೆದು ಡಾಕ್ಟರನ್ನು ಕರೆಸಿದಳು. ಮಧ್ಯಾಹ್ನದ ಹೊತ್ತಿಗೆ ಎಡಗಾಲೂ ಅಲ್ಲಾಡಿತು. ಗಡ್ಡೆಯ ಪರೀಕ್ಷೆಯ ವರದಿ ಬಂದಾಗ, ಇದು ಮೆಲ್ಲಗೆ ಬೆಳೆಯುವ ಜಾತಿಯದು, ಬೇರೆ ಚಿಕಿತ್ಸೆ ಬೇಕಿಲ್ಲ, ಆಗಾಗ ಎಂಆರ್‌ಐ ಮಾಡಿಸಿ ನೋಡುತ್ತಿದ್ದರೆ ಸಾಕು ಎಂದರು.

ಮಹಾಲಕ್ಷ್ಮಿ ನಾಲ್ಕು ಹೆಜ್ಜೆ ನಡೆಯುವಷ್ಟಾದಾಗ ಓಣಿಯ ಹೆಂಗಸರು ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದರು. ಅವಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದಳು. ಬಂದವರೆಲ್ಲ ತಾಯವ್ವನನ್ನು ಸುತ್ತುವರಿದರು. "ನಿನ್ನ ಕಣ್ಣು ದೊಡ್ಡದವ್ವಾ, ನಿನ್ನಿಂದ ಆಕಿ ಉಳದ್ಲು. ಹಿಂಥಾ ನೆಗೆಣ್ಣಿ ಯಾರಿಗೆ ಸಿಗ್ತಾಳ" ಎಂದು ಒಬ್ಬರ ಮೇಲೊಬ್ಬರು ಹೊಗಳಿದರು.

ಮಂಚದ ಮೇಲಿಂದ ಮಹಾಲಕ್ಷ್ಮಿ ಮೂತಿ ತಿರುವಿದಳು. "ಹೌದ್ರಿ, ಒಲಿಗೆ ಕಟ್ಟಿಗಿ ತುರುಕಿದಾಕಿ ಆಕಿ. ಕುತ್ತಿಗಿ ಕೊಯ್ಸಿಕೊಂಡಾಕಿ ನಾನು. ಹೊಗಳಿಕಿ ಮಾತ್ರ ಎಲ್ಲಾ ಆಕಿಗೆ!"

ತಾಯವ್ವ ಒಂದು ಗಳಿಗೆ ಅವಳನ್ನೇ ದಿಟ್ಟಿಸಿ, ಸರ್ರನೆ ಹೊರಗೆ ಹೋದಳು. ಮನಸ್ಸಿಗೆ ಪೆಟ್ಟಾಯಿತೇನೋ ಎಂದು ನಾನು ಹಿಂದೆಯೇ ಓಡಿದೆ. ಅವಳು ವರಾಂಡದ ಕಂಬಕ್ಕೆ ಆತು, ಸೆರಗು ಬಾಯಿಗೆ ಒತ್ತಿಕೊಂಡು, ಅಳುತ್ತಲೂ ನಗುತ್ತಲೂ ನಿಂತಿದ್ದಳು.

"ಕೇಳಿದೇನ ಶಗುಫ್ತಾ? ಮತ್ತ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಪಡಾಕತ್ತಾಳ" ಎಂದಳು. "ಇನ್ನ ಆಕಿ ಬದುಕ್ತಾಳ ಬಿಡು."