ಆಪಾ ಕಾಯಿಸಿದ ಪಾಕ

ಕಳೆದ ವಾರ ಮಗಳು ಆನ್‌ಲೈನಿನಲ್ಲಿ ಪ್ಯಾನ್‌ಕೇಕ್ ಸಿರಪ್ಪಿನ ಬಾಟಲಿಯೊಂದನ್ನು ತರಿಸಿದ್ದಳು. ಭಾನುವಾರ ಬೆಳಿಗ್ಗೆ ಮೈದಾ, ಮೊಟ್ಟೆ, ಹಾಲು ಕಲಸಿ ದೋಸೆ ಹೆಂಚಿನ ಮೇಲೆ ದಪ್ಪ ದಪ್ಪ ಬಿಲ್ಲೆಗಳನ್ನು ಹುಯ್ದು, ಅವುಗಳ ಮೇಲೆ ಸುರಿಯಲೆಂದು ಬಾಟಲಿಯ ಮುಚ್ಚಳ ತಿರುಗಿಸಿದಳು. ನಾನು ನಡುಮನೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದೆ. ವಾಸನೆ ಅಲ್ಲಿಯವರೆಗೂ ಬಂತು. ಹುರಿದ ಮೆಂತ್ಯ, ಸುಟ್ಟ ಸಕ್ಕರೆ...

"ಮೇಪಲ್ ಸ್ಮೆಲ್ ಎಷ್ಟು ಚೆನ್ನಾಗಿದೆ ಅಲ್ವೇನಮ್ಮಾ?" ಎಂದಳು.

ಅದು ಮೇಪಲ್ಲೂ ಅಲ್ಲ ಮಣ್ಣೂ ಅಲ್ಲ ಎನ್ನುವ ಮಾತು ಬಾಯಿವರೆಗೆ ಬಂತು. ಮಡಿಸುತ್ತಿದ್ದ ಪಂಚೆ ಕೈಯಲ್ಲೇ ಉಳಿಯಿತು. ಹೊಸಕೋಟೆಯ ಆ ಬಾಡಿಗೆ ಮನೆ, ಹಿತ್ತಲಿನ ಮೋಟು ಕಾಂಪೌಂಡು, ಅದರ ಮೇಲೆ ಮೊಣಕೈ ಊರಿಕೊಂಡು ನಿಂತ ಆಪಾ...

ಆಪಾ ನಮ್ಮ ಪಕ್ಕದ ಮನೆಯವರು. ಅವರ ಭಾಷೆಯಲ್ಲಿ ಆಪಾ ಎಂದರೆ ಅಕ್ಕ. ಅವರ ತಮ್ಮ ಹಾಗೆ ಕರೆಯುತ್ತಿದ್ದನೆಂದು ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿತ್ತು. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ನಮಗಿಂತ ಚುರುಕಾದ ಕನ್ನಡ. ನಕ್ಕರೆ ಇಡೀ ಮೈ ಕುಲುಕುತ್ತಿತ್ತು. ಮಕ್ಕಳಿರಲಿಲ್ಲ. ತಾಯಿ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕುತ್ತಿದ್ದ ತಮ್ಮನನ್ನು ಗಂಡನ ಮನೆಗೇ ಕರೆತಂದು ಸಾಕಿದ್ದರು, ಹೋಟೆಲ್ ಕೆಲಸ ಕಲಿಸುವ ಕಾಲೇಜಿಗೆ ಸೇರಿಸಿದ್ದರು, ದುಬೈಗೆ ವಿಮಾನ ಹತ್ತಿಸಿದ್ದರು.

ನಾನು ಮದುವೆಯಾಗಿ ಆ ಬೀದಿಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅವರೇ. ಅವರ ಉಪ್ಪಿನಕಾಯಿ, ಶಾವಿಗೆ, ಬಾದುಷಾ ಬೀದಿಯ ಅರ್ಧ ಮನೆಗಳಿಗೆ ಹೋಗುತ್ತಿದ್ದವು. ಪರರ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುತ್ತಿದ್ದ ನಮ್ಮತ್ತೆ ಕೂಡ ಆಪಾ ಹಾಕಿದ ನಿಂಬೆಹಣ್ಣಿನ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಮುಟ್ಟುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ಆಪಾ ಬೇಡವೆನ್ನುತ್ತಿರಲಿಲ್ಲ. "ಮತ್ತೆ? ಯಾರ ಕೈದು ಅನ್ಕೊಂಡ್ರಿ?" ಎಂದು ಮೂಗು ಮೇಲೆತ್ತುತ್ತಿದ್ದರು. ತಮ್ಮ ಕೈರುಚಿಯ ಬಗ್ಗೆ ಅವರಿಗೆ ಒಳ್ಳೇ ಜಂಬವಿತ್ತು. ಇರಬೇಕಾದ ಜಂಬವೇ.

ಅವರ ಯಜಮಾನರು ಪಿಲ್ಲಗುಂಪೆಯಲ್ಲಿ ಎಸೆನ್ಸ್ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ದಿನ ಬಾಳೆಹಣ್ಣಿನ ವಾಸನೆ ಹೊತ್ತು ಬಂದರೆ ಇನ್ನೊಂದು ದಿನ ಅನಾನಸಿನದು. ಪ್ಯಾನ್‌ಕೇಕ್ ಸಿರಪ್ಪಿಗೆ ಹಾಕುವ, ಮೆಂತ್ಯದಿಂದ ತೆಗೆಯುವ ಎಸೆನ್ಸ್ ಮಾಡಿದ ದಿನ ಮಾತ್ರ ಅವರು ಬಸ್ಸಿಳಿದು ಬೀದಿಯ ತಿರುವಿಗೆ ಬರುವಾಗಲೇ ನಮಗೆಲ್ಲ ಗೊತ್ತಾಗುತ್ತಿತ್ತು. ಎಷ್ಟು ಒಗೆದರೂ ಅಂಗಿಯಿಂದ ಹೋಗದ ವಾಸನೆ ಅದು. "ಮೆಂತ್ಯದ ಮೂಟೆ ಬಂತು ನೋಡಮ್ಮಾ" ಎಂದು ಆಪಾ ಕಾಂಪೌಂಡಿನ ಮೇಲಿಂದ ನಗುತ್ತಿದ್ದರು.

ಆಪಾನ ತಮ್ಮ ದುಬೈಯಿಂದ ವಾಪಸ್ಸು ಬಂದಾಗ ಕೆಂಪು ಎಲೆಯ ಚಿತ್ರವಿದ್ದ ಅಂಗೈಯಗಲದ ಗಾಜಿನ ಬಾಟಲಿಯೊಂದನ್ನು ತಂದಿದ್ದ. ಅಸಲಿ ಮೇಪಲ್ ಸಿರಪ್. ಕೆನಡಾ ದೇಶದಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸಿ, ಆ ನೀರನ್ನು ಕಾಯಿಸಿ ಕಾಯಿಸಿ ಪಾಕ ಮಾಡುತ್ತಾರಂತೆ. ಅವತ್ತು ಸಂಜೆ ನನ್ನನ್ನೂ ಕರೆದರು. ಹೋಲಿಸಿ ನೋಡಲೆಂದು ಯಜಮಾನರು ಕಾರ್ಖಾನೆಯಿಂದ ನಕಲಿ ಸಿರಪ್ಪಿನ ಸ್ಯಾಂಪಲ್ಲೂ ತಂದಿಟ್ಟಿದ್ದರು.

ನಕಲಿ ನಾಲಿಗೆಗೆ ಅಂಟಿಕೊಂಡು ಬಿಡಲೇ ಇಲ್ಲ. ಸಿಹಿ, ಬರೀ ಸಿಹಿ, ಹಿಂದೆಯೇ ಮೂಗಿಗೆ ಬಡಿಯುವ ಮೆಂತ್ಯ. ಅಸಲಿಯದು ಅದಕ್ಕಿಂತ ತೆಳು. ಬಾಯಲ್ಲಿಟ್ಟಾಗ ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಮೆಲ್ಲಗೆ ಒಂದು ಸಿಹಿ, ಅದರಡಿಯಲ್ಲಿ ಹಸಿ ಸೌದೆಯ ಹೊಗೆಯಂಥದ್ದು ಇನ್ನೇನೋ...

"ಒಂದು ತೊಟ್ಟು ಎಸೆನ್ಸು, ಚೂರು ಬಣ್ಣ, ಮಿಕ್ಕಿದ್ದೆಲ್ಲ ಗ್ಲೂಕೋಸ್ ನೀರು. ನಮ್ದ್ರಲ್ಲಿ ಎಲೆ ಚಿತ್ರ ಒಂದೇ ಒರಿಜಿನಲ್ಲು" ಎಂದು ಯಜಮಾನರು ನಕ್ಕರು.

ಆಪಾ ನಗಲಿಲ್ಲ. ಕಣ್ಣು ಮುಚ್ಚಿಕೊಂಡು ಚಮಚ ನೆಕ್ಕುತ್ತಿದ್ದರು. "ಮರದ ರುಚಿ ಕಣಮ್ಮಾ ಇದು. ಸಕ್ರೆ ಸುರಿದ್ರೆ ಬರಲ್ಲ" ಎಂದರು.

ಆ ತಮ್ಮ, ದೇವನಹಳ್ಳಿ ರಸ್ತೆಯಲ್ಲಿ ಸ್ನೇಹಿತನೊಬ್ಬನ ಪಾಲುದಾರಿಕೆಯಲ್ಲಿ ಕೆಫೆ ತೆರೆಯುವವನಿದ್ದ. ವಿಮಾನ ನಿಲ್ದಾಣಕ್ಕೆ ಹೋಗಿಬರುವವರು ನಿಲ್ಲುವ ಜಾಗ. ಅಸಲಿ ಸಿರಪ್ ತರಿಸಿದರೆ ಗಿಟ್ಟುವುದಿಲ್ಲ, ನಕಲಿ ಇಡಲು ಮನಸ್ಸಿಲ್ಲ ಎಂದು ಅಲವತ್ತುಕೊಂಡ. ಆಪಾ ಆ ಮಾತನ್ನು ತಲೆಗೆ ಹಚ್ಚಿಕೊಂಡರು.

ಎಷ್ಟು ದಿನ ಒದ್ದಾಡಿದರೋ, ಆ ಮನೆಯಿಂದ ದಿನವೂ ಬೆಲ್ಲದ ಹಬೆ ಏಳುತ್ತಿತ್ತು. ಕೊನೆಗೊಂದು ದಿನ ಕಾಂಪೌಂಡಿನ ಮೇಲೆ ಬಟ್ಟಲಿಟ್ಟು ನನ್ನನ್ನು ಕೂಗಿದರು. ಹಳೇ ಬೆಲ್ಲ ಕರಗಿಸಿ, ಹದವಾಗಿ ಹುರಿದ ಮೆಂತ್ಯ ನೆನೆಸಿದ ನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಪಾಕ ಎಳೆ ಬರುವ ಮೊದಲೇ ಇಳಿಸಿದ್ದರು. ಆಮೇಲೆ ಪಾತ್ರೆಯೊಳಗೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ತೆಂಗಿನ ಚಿಪ್ಪಿನ ಕೆಂಡ ಹಾಕಿ, ಮೇಲೆ ತೊಟ್ಟು ತುಪ್ಪ ಬಿಟ್ಟು ಮುಚ್ಚಳ ಮುಚ್ಚಿದ್ದರು. ಬಿರಿಯಾನಿಗೆ ಹೊಗೆ ಕೊಡುವ ಹಾಗೆ. ಬಾಯಿಗಿಟ್ಟೆ. ಅಸಲಿ ಮೇಪಲ್ಲಿನ ರುಚಿ ಅಲ್ಲವೇ ಅಲ್ಲ. ಆದರೆ ಬಟ್ಟಲು ಖಾಲಿಯಾಗುವ ತನಕ ಬಿಡದೆ ಬೆರಳಿನಿಂದ ಬಳಿದು ನೆಕ್ಕಿದೆ.

"ಅದು ಅವರ ಮರದ್ದು. ಇದು ನಮ್ದು. ಬೆಲ್ಲದ ಪಾಕ ಅಂತಾನೇ ಹೇಳ್ಬೇಕು" ಎಂದರು ಆಪಾ. ಮೊದಲ ಡಬ್ಬ ಒಯ್ಯುವಾಗ ತಮ್ಮನಿಗೂ ಅದನ್ನೇ ಹೇಳಿದರು. ಅವನು ತಲೆಯಾಡಿಸಿದ. ಕೆಫೆ ಚೆನ್ನಾಗಿ ನಡೆಯಿತು. ಡಬ್ಬಗಳು ಹೋಗುತ್ತಲೇ ಇದ್ದವು. ಬಿಡುವಿಲ್ಲದೆ ಪಾಕ ಕಲಕಿ ಕಲಕಿ ಆಪಾನ ಬಲ ಭುಜ ಇಳಿಬಿದ್ದಿತ್ತು. ಅದನ್ನೂ ಹೆಮ್ಮೆಯಿಂದಲೇ ತೋರಿಸುತ್ತಿದ್ದರು.

ಅಷ್ಟು ದಿನವಾದರೂ ಆಪಾ ಕೆಫೆಯನ್ನು ನೋಡಿರಲಿಲ್ಲ. ಒಂದು ದಿನ ನಾವಿಬ್ಬರೂ ಬಸ್ ಹತ್ತಿ, ಅವನಿಗೆ ಹೇಳದೆಯೇ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ. ಆಪಾ ಬುರ್ಖಾದ ಅಂಚು ಸರಿಮಾಡಿಕೊಂಡು, ಯಾರ ಮನೆಗೋ ಹೆಣ್ಣು ನೋಡಲು ಬಂದವರ ಹಾಗೆ ಬಿಗಿಯಾಗಿ ಕೂತರು. ತಂದುಕೊಡುವ ಹುಡುಗ ತಟ್ಟೆಯ ಪಕ್ಕ ಒಂದು ಗಾಜಿನ ಬಾಟಲಿ ಇಟ್ಟ. ಮೇಲೆ ಕೆಂಪು ಎಲೆ.

"ಇದೇನಪ್ಪಾ?" ಆಪಾ ಕೇಳಿದರು.

"ರಿಯಲ್ ಮೇಪಲ್ ಸಿರಪ್ ಮೇಡಂ. ಕೆನಡಾದಿಂದ ಬರುತ್ತೆ."

ಆಪಾ ಬೆರಳ ತುದಿಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರು. ನನ್ನ ಕಡೆ ನೋಡಿದರು. ನಾನೂ ನೆಕ್ಕಿದೆ. ಅದೇ ಚಿಪ್ಪಿನ ಹೊಗೆ.  ನಮ್ಮನ್ನು ಕಂಡು ತಮ್ಮನೇ ಒಳಗಿಂದ ಓಡಿ ಬಂದ. ಕೂಗಾಡಿಯಾರೆಂದು ಹೆದರಿದ್ದನೋ ಏನೋ, ನಮ್ಮನ್ನು ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋದ.

"ಬೆಲ್ಲದ ಪಾಕ ಅಂದ್ರೆ ಪ್ಯಾನ್‌ಕೇಕ್ ಜೊತೆ ಯಾರು ತಿಂತಾರೆ ಆಪಾ? ಎಲೆ ನೋಡಿದ್ರೇನೇ ಜನಕ್ಕೆ ರುಚಿ. ನೀನು ಮಾಡಿದ್ದು ಅಷ್ಟು ಚೆನ್ನಾಗಿದೆ ಅಂತಾನೇ ಅಲ್ವಾ ಯಾರಿಗೂ ಗೊತ್ತಾಗ್ದೇ ಇರೋದು!"

"ನನ್ ಪಾಕಕ್ಕೆ ಬೇರೆಯವ್ರ ಹೆಸ್ರು ಬೇಡ. ಬೆಲ್ಲ ಅಂತ ಬರಿ. ಆಗಲ್ಲ ಅಂದ್ರೆ ಬಿಟ್ಬಿಡು, ನಾನು ಕಾಯ್ಸಲ್ಲ" ಎಂದರು ಆಪಾ.

ಅವನು ಬರೆಯಲಿಲ್ಲ. ಅವರು ಕಾಯಿಸಲಿಲ್ಲ. ಅವನು ಎಲ್ಲಿಂದಲೋ ಕ್ಯಾನುಗಟ್ಟಲೆ ನಕಲಿ ಸಿರಪ್ ತರಿಸಿ ಅದೇ ಬಾಟಲಿಗಳಿಗೆ ತುಂಬಿದ. ಅಕ್ಕ ತಮ್ಮನ ನಡುವೆ ಮಾತು ಕಡಿಮೆಯಾಯಿತು. ಹಬ್ಬಕ್ಕೆ ಬಂದ, ಉಂಡು ಹೋದ. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ.

ಮುಗಿದಿರಲಿಲ್ಲ. ವಿದೇಶದಲ್ಲಿದ್ದು ಬಂದ ಗಿರಾಕಿಯೊಬ್ಬ ಆ ಸಿರಪ್ ತಿಂದವನೇ ಮೊಬೈಲು ತೆಗೆದ. ಬಾಟಲಿಯ ಎಲೆಯನ್ನೂ, ಚಮಚಕ್ಕೆ ಅಂಟಿಕೊಂಡ ಅಂಟನ್ನೂ ತೋರಿಸಿ, ಇದು ಮೋಸ ಎಂದು ವಿಡಿಯೋ ಹಾಕಿದ. ಅದು ಎಲ್ಲರ ಫೋನಿಗೂ ಬಂತು, ನಮ್ಮ ಬೀದಿಯ ಫೋನುಗಳಿಗೂ. ಪಾಲುದಾರ ತಾನು ಹೊರಬೀಳುತ್ತೇನೆಂದು ಕೂತ. ತಮ್ಮನ ಹೆಂಡತಿ ಆಗ ತುಂಬು ಗರ್ಭಿಣಿ.

ಅವತ್ತು ಮಧ್ಯಾಹ್ನ ನಾನು ಪಾತ್ರೆ ವಾಪಸ್ಸು ಕೊಡಲು ಆಪಾನ ಮನೆಗೆ ಹೋಗಿದ್ದೆ. ಅವರ ತಮ್ಮ ನೆಲದ ಮೇಲೆ ಕೂತು ಅಳುತ್ತಿದ್ದ. ಸಿರಪ್ ಮಾಡಿಕೊಟ್ಟವಳು ಅಕ್ಕ, ಅಸಲಿ ಎಂದು ನಂಬಿಸಿದವಳೂ ಅಕ್ಕನೇ, ತನಗೇನೂ ಗೊತ್ತಿರಲಿಲ್ಲ ಎಂದು ಪಾಲುದಾರನಿಗೆ ಆಗಲೇ ಹೇಳಿ ಬಂದಿದ್ದ. ಈಗ ಆಪಾ ಅದನ್ನು ಫೋನಿನ ಕ್ಯಾಮೆರಾ ಮುಂದೆ ಒಪ್ಪಿಕೊಳ್ಳಬೇಕಿತ್ತು.

"ಆ ಗ್ಲೂಕೋಸ್ ನೀರ್ನ ನಾನು ಮಾಡ್ದೆ ಅಂತ ಹೇಳ್ಬೇಕಾ?" ಆಪಾ ಕೇಳಿದ್ದು ಅದೊಂದನ್ನೇ.

ಯಜಮಾನರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. "ಹೇಳ್ಬಿಡು. ಅವ್ನದು ಅಂಗಡಿ ಹೋಗತ್ತೆ, ಸಂಸಾರ ಹೋಗತ್ತೆ. ನಿಂದೇನು ಹೋಗತ್ತೆ? ನಿಂಗೇನು ಅಂಗಡಿ ಇದ್ಯಾ?" ಎಂದರು.

ನನಗೆ ತಡೆಯಲಾಗಲಿಲ್ಲ. "ಬೇಡ ಆಪಾ, ಹೇಳ್ಬೇಡಿ. ನಿಮ್ಮ ಹೆಸರು ಕೆಡತ್ತೆ" ಎಂದೆ.

ಆಪಾ ನನ್ನನ್ನು ನೋಡಿದರು. "ನಿಂಗೆ ತಮ್ಮ ಇದಾನಾ?"

"ಇಲ್ಲ."

"ಹಂಗಾದ್ರೆ ಸುಮ್ನಿರು."

ಎದ್ದು ಮುಖ ತೊಳೆದು, ಒಳ್ಳೆಯ ದುಪಟ್ಟಾ ಹೊದ್ದು ಬಂದು ಗೋಡೆಗೆ ಒರಗಿ ನಿಂತರು. ತಮ್ಮನೇ ಫೋನು ಹಿಡಿದ. ಅವನು ಹೇಳಿಕೊಟ್ಟದ್ದನ್ನು ಅವರು ಹೇಳಿದರು. ಸಿರಪ್ ಮಾಡಿದ್ದು ನಾನು, ಅಸಲಿ ಎಂದು ತಮ್ಮನಿಗೆ ಸುಳ್ಳು ಹೇಳಿದ್ದೂ ನಾನು, ಅವನ ತಪ್ಪಿಲ್ಲ, ಎಲ್ಲರೂ ಕ್ಷಮಿಸಬೇಕು. ಅವನಿಗೆ ಸಮಾಧಾನವಾಗಲಿಲ್ಲ. "ಸ್ವಲ್ಪ ಅಳು ಬಂದಂಗೆ ಹೇಳು ಆಪಾ" ಎಂದ.

"ಬಂದಿದ್ರೆ ಅಳ್ತಿರ್ಲಿಲ್ವೇನೋ" ಎಂದರು. ಮತ್ತೊಮ್ಮೆ ಹೇಳಿದರು. ಅಳದೆಯೇ.

ಕೆಫೆ ಉಳಿಯಿತು. ಆಪಾ ಉಳಿಯಲಿಲ್ಲ ಎನ್ನಬೇಕೇನೋ... ವಿಡಿಯೋದ ಕೆಳಗೆ ಗುರುತು ಪರಿಚಯವಿಲ್ಲದವರೆಲ್ಲ ಬರೆದರು. ಸಿರಪ್ಪಿನ ವಿಷಯ ಬಿಟ್ಟು ಅವರ ದುಪಟ್ಟಾ, ಅವರ ಜಾತಿ, ಅವರ ಜನ ಎಂದೆಲ್ಲ ಬರೆದರು. ಬರೆದವರು ಎಲ್ಲಿಯವರೋ, ಬರೆದುಕೊಳ್ಳಲಿ. ಆದರೆ ನಮ್ಮ ಬೀದಿ? ಆ ತಿಂಗಳು ಶಾವಿಗೆಗೆ ಯಾರೂ ಹೇಳಲಿಲ್ಲ. ಅವರದೇ ಜನದ ಮನೆಗಳಿಂದಲೂ ಬಾದುಷಾಕ್ಕೆ ಕರೆ ಬರಲಿಲ್ಲ. ನಮ್ಮತ್ತೆ ಅರ್ಧ ಜಾಡಿ ಉಪ್ಪಿನಕಾಯಿಯನ್ನು ಗಿಡದ ಬುಡಕ್ಕೆ ಸುರಿದರು. "ಅದ್ರಲ್ಲಿ ಇನ್ನೇನೇನು ಕಲಬೆರಕೆ ಮಾಡಿದ್ಳೋ" ಎಂದರು. ಅತ್ತೆ, ಅದು ಸುಳ್ಳು, ನಾನು ಅಲ್ಲೇ ಇದ್ದೆ ಎಂದು ನಾನು ಹೇಳಿದೆ, ಜಗಳವನ್ನೂ ಆಡಿದೆ. "ಅವ್ಳ ಬಾಯಲ್ಲೇ ಹೇಳಿದಾಳಲ್ಲೇ" ಎಂದರು.  ಬೀದಿಯಲ್ಲಿ ಎಷ್ಟು ಜನಕ್ಕೆ ಹೇಳಿದರೂ ಉತ್ತರ ಅದೇ.

ಮುಂದಿನ ಬೇಸಿಗೆಯ ಹೊತ್ತಿಗೆ ಯಜಮಾನರು ಕೆಲಸ ಬಿಟ್ಟರು. ಇಬ್ಬರೂ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿದ್ದ ಯಜಮಾನರ ಅಣ್ಣನ ಮನೆಗೆ ಹೊರಟುಹೋದರು.

ಒಮ್ಮೆ ಅಲ್ಲಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ಹುರಿ ಮಾಡುವ ಯಂತ್ರಗಳ ಸದ್ದಿನಲ್ಲಿ ಜೋರಾಗಿ ಮಾತಾಡಬೇಕಿತ್ತು. ಆಪಾ ಸೊರಗಿದ್ದರು. ಟೀ ತಂದರು, ಜೊತೆಗೆ ತಟ್ಟೆಯಲ್ಲಿ ಪೊಟ್ಟಣದ ಬಿಸ್ಕತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಗಮನಿಸಿದರು.

"ಅಂಗಡೀದು. ತಿನ್ನು" ಎಂದರು.

ಬಂದವರಿಗೆ ಅವರು ಅಂಗಡಿಯ ತಿಂಡಿ ಕೊಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.  ತಮ್ಮ ಬರುತ್ತಾನಾ ಎಂದು ಕೇಳಿದೆ. ಹಬ್ಬಕ್ಕೆ ಫೋನು ಮಾಡುತ್ತಾನೆ, ಹೆಣ್ಣುಮಗುವಂತೆ, ಫೋಟೋ ಕಳಿಸಿದ್ದ ಎಂದರು. ಆಮೇಲೆ ಅವರೇ ಹೇಳಿದರು:

"ಅವ್ನು ಸುಳ್ಳು ಹೇಳ್ಸಿದ್ದಕ್ಕೆ ಬೇಜಾರಿಲ್ಲಮ್ಮಾ. ಮಗೂನೇ ಅವ್ನು ನಂಗೆ. ಆದ್ರೆ ಆ ನೀರು ನನ್ ಕೈದು ಅಂತ ನಂಬಿಬಿಟ್ರಲ್ಲ... ಊರೋರು ಬಿಡು. ಇಷ್ಟು ವರ್ಷ ನನ್ ಕೈಯಲ್ಲಿ ತಿಂದೋರು. ಒಬ್ರಿಗಾದ್ರೂ ನಾಲಿಗೆ ಇರ್ಲಿಲ್ವಾ?"

ಅವರು ಹೋದ ಸುದ್ದಿ ನನಗೆ ತಿಳಿದದ್ದು ಮಣ್ಣಾದ ಮೇಲೆ. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟುವ ಮೊದಲೇ... ಯಜಮಾನರು ಫೋನಿನಲ್ಲಿ ಹೇಳುತ್ತಾ ಹೇಳುತ್ತಾ, "ಅವತ್ತು ನಾನು ಆ ಮಾತು ಆಡ್ಬಾರ್ದಿತ್ತು" ಎಂದರು. ನಿಂಗೇನು ಅಂಗಡಿ ಇದ್ಯಾ ಎಂದ ಆ ಮಾತು. ನಾನು ಸಮಾಧಾನ ಹೇಳಲಿಲ್ಲ.

ಮೊನ್ನೆ ದೇವನಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಬರುವಾಗ ಮಗಳು ಕಾಫಿ ಬೇಕೆಂದು ಹಠ ಹಿಡಿದು ಆ ಕೆಫೆಯ ಮುಂದೆಯೇ ಕಾರು ನಿಲ್ಲಿಸಿದಳು. ಅವಳಿಗೇನು ಗೊತ್ತು. ಈಗ ಅದು ಎರಡರಷ್ಟು ದೊಡ್ಡದಾಗಿದೆ. ಈಗಿನವರಿಗೆ ಬೆಲ್ಲ, ಸಿರಿಧಾನ್ಯ ಎಂದರೆ ಹುಚ್ಚು. ಗಲ್ಲಾದ ಪಕ್ಕದ ಕಪಾಟಿನಲ್ಲಿ ಬೆಲ್ಲ ಮೆಂತ್ಯದ ಸಿರಪ್ಪಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಆಪಾ' ಎಂದಿತ್ತು. ಹೆಸರಿನ ಕೆಳಗೆ ಬೆಳ್ಳಿ ಕೂದಲಿನ, ಮೂಗುತಿ ಇಟ್ಟ, ನಾನು ಎಂದೂ ಕಂಡಿರದ ಅಜ್ಜಿಯೊಬ್ಬಳ ಚಿತ್ರ.

ಒಂದನ್ನು ಕೈಗೆ ತೆಗೆದುಕೊಂಡು ಗಲ್ಲಾದ ಹುಡುಗಿಯನ್ನು ಕೇಳಿದೆ, "ಯಾರಮ್ಮಾ ಇದು, ಆಪಾ ಅಂದ್ರೆ?"

"ಅದು ಬ್ರ್ಯಾಂಡ್ ನೇಮ್ ಅಷ್ಟೇ ಮ್ಯಾಮ್" ಎಂದು ಅವಳು ನಗುತ್ತಾ ಹೇಳಿದಳು. "ಆ ಥರ ಯಾರೂ ಇಲ್ಲ."

"ಹೌದು, ಇಲ್ಲ" ಎಂದೆ. ಬಾಟಲಿಯನ್ನು ಇದ್ದಲ್ಲೇ ಇಟ್ಟೆ. ಮಗಳು ಕಾಫಿ ಕುಡಿದು ಬರುವವರೆಗೆ ಹೊರಗೆ, ಬಿಸಿಲಿನಲ್ಲೇ ನಿಂತಿದ್ದೆ.