ಟ್ರಾಲ್‌ಬೋಟಿನವರಿಗೆ ಬೇಡವೆಂದ ಸಾಲು

ಹಂಗಾರಕಟ್ಟೆಯ ಸುಜನ್ ಬ್ರಹ್ಮಾವರದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಅವನ ಅಪ್ಪ ಗುಡ್ಡ ಮರಕಾಲರು ಸತ್ತದ್ದು ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ. ನೀರಿಳಿದ ಹೊತ್ತಿನಲ್ಲಿ ನಾಡದೋಣಿ ಮರಳಿನ ದಿಣ್ಣೆಗೆ ತಾಗಿ ಮಗುಚಿತು. ಪಕ್ಕದಲ್ಲೇ ಹೋದ ಟ್ರಾಲ್‌ಬೋಟು, ಯಂತ್ರದ ದೊಡ್ಡ ಮೀನುದೋಣಿ, ನಿಲ್ಲಲಿಲ್ಲ. ಕಾಣದೆ ಹೋಯಿತೋ, ಕಂಡೂ ಹೋಯಿತೋ ದೇವರಿಗೇ ಗೊತ್ತು. ಕಂಡೇ ಹೋಯಿತೆಂದು ಸುಜನ್ ನಂಬಿದ.

ಎರಡು ವರ್ಷ ಕೂತು ಅವನೊಂದು ಸಾಫ್ಟ್‌ವೇರ್ ಲೈಬ್ರರಿ ಬರೆದ. ಅಳಿವೆಯಲ್ಲಿ ಯಾವ ಹೊತ್ತಿಗೆ ಎಷ್ಟು ನೀರೆಂದು ಅದು ಹೇಳುತ್ತದೆ. ಬೇರೆಯವರು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದು. ಉಬ್ಬರ ಇಳಿತದ ಲೆಕ್ಕ ಮಾತ್ರ ಅವನದಲ್ಲ. ಪರದೇಶದವನೊಬ್ಬ ಜಿಪಿಎಲ್ ಎಂಬ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. 2012ರಲ್ಲಿ ಲೈಬ್ರರಿಯನ್ನು ನೆಟ್ಟಿಗೆ ಹಾಕುವಾಗ ಸುಜನ್ ಪರವಾನಗಿಯನ್ನು ತಾನೇ ಬರೆದ: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಟ್ರಾಲ್‌ಬೋಟಿನವರು ಮಾತ್ರ ಬಳಸಕೂಡದು. ಬುದ್ಧಿವಂತನೇ, ಆದರೆ ಅವತ್ತು ಕೈ ಹಿಡಿದು ಬರೆಸಿದ್ದು ಸಿಟ್ಟು.

ಮುಂದಿನ ಮೇ ತಿಂಗಳಲ್ಲಿ ಕುಂದಾಪುರದ ಕೆಲವರು ದೋಣಿಯವರ ಮೊಬೈಲಿಗೆ ಅಳಿವೆ ದಾಟುವ ಹೊತ್ತನ್ನು ಮೆಸೇಜು ಮಾಡಲು ಹೊರಟರು. ಲೈಬ್ರರಿ ಬೇಕಿತ್ತು, ಪರವಾನಗಿ ಓದಿ ಹಿಂದೆಗೆದರು. ಜಿಪಿಎಲ್‌ನಲ್ಲಿ ಪಡೆದದ್ದನ್ನು ಅದೇ ಸ್ವಾತಂತ್ರ್ಯದ ಜೊತೆ ಮುಂದಕ್ಕೆ ಕೊಡಬೇಕು, ಇಂಥವರಿಗಿಲ್ಲ ಎಂದು ಹೊಸ ಷರತ್ತು ಸೇರಿಸುವಂತಿಲ್ಲ. ಆ ಸಾಲು ತೆಗೆಯಿರಿ, ಇಲ್ಲವೇ ಆ ಲೆಕ್ಕ ತೆಗೆಯಿರಿ ಎಂದರು.

ಸುಜನ್ ಲೆಕ್ಕವನ್ನೇ ತೆಗೆದು ಸ್ವಂತದ್ದು ಬರೆದ. ನಲವತ್ತು ನಿಮಿಷ ತಪ್ಪು ಬಂತು. ಮತ್ತೆ ಬರೆದ; ಒಂದು ಗಂಟೆ ತಪ್ಪು. ಅಳಿವೆಯಲ್ಲಿ ನಲವತ್ತು ನಿಮಿಷ ತಪ್ಪಿದರೆ ಹೆಣ ಹುಡುಕಬೇಕು. ಜೂನ್ ಬಂತು. ಟ್ರಾಲ್‌ಬೋಟುಗಳಿಗೆ ಮಳೆಗಾಲದ ರಜೆ, ನಾಡದೋಣಿಗಳು ಇಳಿಯುವ ಕಾಲ. ಚಿಕ್ಕಪ್ಪ ಕಿಟ್ಟ ಬಲೆ ಸರಿಮಾಡುತ್ತಿದ್ದ. ಸುಜನ್‌ಗೆ ಅನ್ನ ಸೇರಲಿಲ್ಲ, ಮಾತಾಡಿಸಿದವರ ಮೇಲೆಲ್ಲ ಹರಿಹಾಯ್ದ.

ಮೀನು ಮಾರಿ ಬಂದ ಅಮ್ಮ ಸುಗುಣ ಎದುರು ಕೂತಳು. "ಎಂತ ಆಯ್ತ್ ಮಗಾ?"

ಅವನು ಎಲ್ಲ ಹೇಳಿದ.

"ನಾನ್ ಇಷ್ಟ್ ವರ್ಷ ಹೊತ್ತದ್ದ್ ಯಾರ್ ಮೀನ್? ಟ್ರಾಲ್‌ಬೋಟಿಂದೇ. ನೀನ್ ಉಂಡದ್ದೂ ಅದನ್ನೇ."

"ಅವ್ರ್ ನಿಲ್ಸ್ಲಿಲ್ಲೆ ಅಮ್ಮ."

"ಈಗ ನೀನೂ ನಿಲ್ಸುದಿಲ್ಯಾ? ಕಿಟ್ಟ ಸೋಮವಾರ ಹೊರಡ್ತ."

ಮರುದಿನ ಅಂಗಡಿಯಲ್ಲಿ ಸುಜನ್ ಆ ಸಾಲನ್ನು ಅಳಿಸಿದ. ಪರದೇಶದವನ ಲೆಕ್ಕವನ್ನು ಮತ್ತೆ ಸೇರಿಸಿ, ಇಡೀ ಲೈಬ್ರರಿಯನ್ನು ಜಿಪಿಎಲ್‌ಗೆ ಒಪ್ಪಿಸಿ, ಬಾಗಿಲು ಎಳೆದುಕೊಂಡು ದನಿ ತೆಗೆದು ಅತ್ತ. ಅಪ್ಪನಿಗಾಗಿ ತನ್ನ ಕೈಲಾದದ್ದು ಆ ಸಾಲೊಂದೇ ಆಗಿತ್ತು, ಅದೂ ಹೋಯಿತು ಎನಿಸಿತು. ಭಾನುವಾರ ಮೊದಲ ಮೆಸೇಜು ಹೋಯಿತು. ಕಿಟ್ಟ ಆ ಮಳೆಗಾಲವೆಲ್ಲ ಹೋಗಿ ಬಂದ.

ಆಗಸ್ಟಿನಲ್ಲಿ ಟ್ರಾಲ್‌ಬೋಟು ನಡೆಸುವವನೊಬ್ಬ ಅಂಗಡಿಗೆ ಬಂದ. ಮೆಸೇಜು ಬೇಕಾದವರು ನಂಬರು ಬರೆಸುವ ಪಟ್ಟಿ ಅಲ್ಲೇ ಇತ್ತು.

"ಹ್ವಾಯ್, ನಮ್ ಬೋಟಿಗೂ ಮೆಸೇಜ್ ಬತ್ತಾ? ನಂಬ್ರ ಬರ್ಕಣಿ."

ಅಪ್ಪ ಸತ್ತ ದಿನ ಬೋಟು ನಿಲ್ಲಿಸದೆ ಹೋದವನು ಇವನೇ ಇರಬಹುದು. ಸುಜನ್ ಕೇಳಲಿಲ್ಲ. ಒಂದು ಅಂಕಿ ತಪ್ಪಾಗಿ ಬರೆದರೂ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹತ್ತೂ ಅಂಕಿ ಬರೆದು ಪಟ್ಟಿಯನ್ನು ಅವನ ಕಡೆ ತಿರುಗಿಸಿದ.

"ಸರಿ ಇತ್ತಾ ಕಾಣಿ," ಎಂದ.