ಮುಟ್ಟಿ ತಿರುಗಿ ಓಡಿದವನು

ಸಿದ್ದಲಿಂಗ ಸತ್ತ. ಹೋದ ಚಳಿಗಾಲದಲ್ಲಿ ಎದೆನೋವು ಬಂತು, ಹೋದ. ಗೋಥೆನ್‌ಬರ್ಗಿನ ಅವನ ಕ್ಲಬ್ಬಿನಲ್ಲಿ ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದ ಮೊದಲಿಗರಲ್ಲಿ ಅವನೂ ಒಬ್ಬ. ಮಂಡಿ ಕೈಕೊಡುವವರೆಗೂ ಆಡಿದ, ಆಮೇಲೆ ಅಲ್ಲೇ ಕಲಿಸಿದ. ಆದರೆ ಅವನ ಹೆಂಡತಿ ಶಕುಂತಲೆಗೆ ಕಣ್ಣು ಮುಚ್ಚಿದಾಗ ಕಾಣುವುದು ಒಂದೇ ಪಂದ್ಯ. ಮಂಜು. ಅದರೊಳಗೆ ತೇಲಿದಂತೆ ಓಡುವ ಗಂಡ.

ಅವನು ಧಾರವಾಡದ ಕಡೆಯ ಕಬಡ್ಡಿ ಆಟಗಾರ. ಸ್ವೀಡನ್ನಿಗೆ ಬಂದದ್ದು ಕಾರು ಕಂಪನಿಯ ಕೆಲಸಕ್ಕೆ. ಆ ಕೆಲಸ ಹೋಯಿತು. ರಜೆಯಲ್ಲಿ ಸುಮ್ಮನೆ ಆಡಲು ಹೋಗುತ್ತಿದ್ದ ಕ್ಲಬ್ಬಿನ ಕೋಚ್ ಹೋಕನ್, ಈ ಪಂದ್ಯ ನೋಡಿ ಸಂಬಳಕ್ಕೆ ಇಟ್ಟುಕೊಳ್ಳುವ ಮಾತು ಹೇಳುತ್ತೇನೆ ಎಂದಿದ್ದ. ಇಟ್ಟುಕೊಂಡರೆ ಈ ಊರು. ಇಲ್ಲದಿದ್ದರೆ ಗಂಟುಮೂಟೆ.

ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಬೇಕು, ಅದೇ ಆಟ. ಸಿದ್ದಲಿಂಗ ಎಲ್ಲರಿಂದಲೂ ತಪ್ಪಿಸಿಕೊಂಡು ಹೋದ. ಕೊನೆಗೆ ಎದುರಾಳಿ ಒಬ್ಬನೇ ಉಳಿದಿದ್ದ. ಸಿದ್ದಲಿಂಗ ಕೈ ಚಾಚಿ ಅವನ ಭುಜ ಮುಟ್ಟಿದ. ಮುಟ್ಟಿದವನೇ ಗಿರ್ರನೆ ತಿರುಗಿ ಬಂದ ದಾರಿಯಲ್ಲೇ ಓಡಿದ. ಎದುರು ತಂಡವೆಲ್ಲ ಬೆನ್ನು ಹತ್ತಿತು. ಸಿಗಲಿಲ್ಲ. ಮೈದಾನದ ನಡುಗೆರೆ ದಾಟಿ ನಿಂತು, ಗೆದ್ದೆನೆಂದು ಕೈ ಎತ್ತಿದ. ಅಷ್ಟೂ ಜನ ಅವನ ಮೇಲೆ ಬಿದ್ದರು.

ಶಕುಂತಲೆಯ ಪಕ್ಕದಲ್ಲಿ ಕೂತಿದ್ದ ಗೆಳೆಯ ನೀರಜ್ ಬಿದ್ದು ಬಿದ್ದು ನಕ್ಕ. "ಅತ್ತಿಗೆ, ಅಣ್ಣ ಒಲೆ ಮೇಲೆ ಹಾಲಿಟ್ಟು ಬಂದಿದ್ನಾ?"

"ಬಾಯ್ ಮುಚ್ಚೋ," ಎಂದಳು ಶಕುಂತಲೆ. ಅವಳ ಕಣ್ಣ ಮುಂದೆ ಆಗಲೇ ಸೂಟ್‌ಕೇಸು ಬಂದಿತ್ತು.

ಪಂದ್ಯ ಸೋತರು. ಸಿದ್ದಲಿಂಗ ಹೆಲ್ಮೆಟ್ ಹಿಡಿದು ಬೇಲಿಯ ಹತ್ತಿರ ಬಂದ. ತುಟಿ ಒಡೆದಿತ್ತು.

"ಏನ್ರೀ ಇದು?"

"ಮುಟ್ಟಿದ ಮ್ಯಾಲೆ ನಮ್ಮ ಕಡೆ ವಾಪಸ್ ಬರಬೇಕಲ್ಲ, ಶಕ್ಕು. ತಲೆಗೆ ಗೊತ್ತಿತ್ತು. ಕಾಲು ಕೇಳಲಿಲ್ಲ."

ಹೋಕನ್ ಕಾಫಿ ಕಪ್ಪು ಹಿಡಿದು ಬಂದ. ನಗಲಿಲ್ಲ. "ಹೋಗೋವಾಗ್ಲೂ ಯಾರೂ ಹಿಡೀಲಿಲ್ಲ. ಬರೋವಾಗ್ಲೂ ಹಿಡೀಲಿಲ್ಲ. ದಿಕ್ಕು ನಾನು ಕಲಿಸ್ತೀನಿ. ಸೋಮವಾರ ಬಾ, ಸೈನ್ ಮಾಡು."

ಟ್ರ್ಯಾಮಿನಲ್ಲಿ ಸಿದ್ದಲಿಂಗ ಅವಳ ಹೆಗಲಿಗೆ ಒರಗಿ ನಿದ್ದೆ ಹೋದ. ಭಾರದ ತಲೆ, ಹುಲ್ಲಿನ ವಾಸನೆ. ಕಿಟಕಿಯಾಚೆ ದೀಪಗಳು ನೀರಲ್ಲಿದ್ದಂತೆ ಅಲುಗುತ್ತಿದ್ದವು. ಇಳಿಯುವ ಸ್ಟಾಪು ಬಂತು. ಅವಳು ಎಬ್ಬಿಸಲಿಲ್ಲ. ಇನ್ನು ಇದೇ ಊರಲ್ಲಿ ಇರುವವರು, ಅವಸರವೇನು? ಟ್ರ್ಯಾಮು ಮುಂದೆ ಹೋಯಿತು. ಹೋಗಲಿ ಅಂತ ಕೂತಳು.